ಇಪ್ಪತ್ತಾರರ ತಂಪು

ಹಾಳಾಗಿರುವುದೇ ನಿಜವಾದರೆ ನಿನ್ನೆಯೋ ಮೊನ್ನೆಯೋ ಹಾಳಾದದ್ದಾಗಿರಲಿ ಎಂದು ಡೈಸಿ ಬೆಳಗ್ಗಿನಿಂದ ಬೇಡಿಕೊಳ್ಳುತ್ತಿದ್ದಳು. ಎಸಿ ಸರಿಯಾಗಿಯೇ ಇರಲಿ ಎಂದು ಬೇಡುವಷ್ಟು ಧೈರ್ಯ ಅವಳಿಗಿರಲಿಲ್ಲ. ಗಂಡ ಆಗಸ್ಟಿನ್ ಆಸ್ಪತ್ರೆಯಿಂದ ಒಂದು ರಾತ್ರಿಯ ಮಟ್ಟಿಗೆ ಮನೆಗೆ ಬಂದವನು ತಾಯಿಯ ಕೋಣೆಯಲ್ಲಿ ಮಲಗಿದ್ದ. ಬೆಳಗಾಗುವಾಗ ಇದ್ದಬದ್ದ ಹೊದಿಕೆಯನ್ನೆಲ್ಲ ಸುತ್ತಿಕೊಂಡು ಮಂಚದ ಮೂಲೆಯಲ್ಲಿ ಮುದುಡಿ ಕೂತಿದ್ದ. "ಎಂತ ಮಾರಾಯ್ತಿ ಇದು, ಮೀನಿನ ಐಸ್ ಪೆಟ್ಟಿಗೆಯಾ? ಅಮ್ಮ ಆಸ್ಪತ್ರೆ ಸೇರಿದ್ದೇ ತಡ, ಇದಕ್ಕೂ ರೋಗ ಹಿಡೀತು ನೋಡು. ನಾಯ್ಮಾರ್ಮೂಲೆಯ ಆ ಎಸಿಯವನಿಗೆ ಫೋನ್ ಮಾಡು. ಅಮ್ಮ ಬರುವುದರ ಒಳಗೆ ಸರಿ ಆಗ್ಬೇಕು" ಎಂದಿದ್ದ. ಡೈಸಿ, ಹೌದು, ಈಗ ಹಾಳಾದದ್ದಿರಬೇಕು ಎಂದಳು. ಕೇಳದೆ ಇದ್ದ ಪ್ರಶ್ನೆಗೆ ಅವಳಾಗಿ ಕೊಟ್ಟ ಉತ್ತರ ಅದು. ಆಗಸ್ಟಿನ್‌ಗೆ ಅದು ಕೇಳಿಸಿತೋ ಇಲ್ಲವೋ, ಅವನು ಚಾ ಕುಡಿದು ಮತ್ತೆ ಮಂಗಳೂರಿಗೆ ಹೊರಟುಹೋದ.

ಇವತ್ತು ಸಂಜೆ ಅತ್ತೆ ಫ್ಲೋರಾಬಾಯಿ ಆಂಬುಲೆನ್ಸಿನಲ್ಲಿ ನೆಕ್ರಾಜೆಯ ಮನೆಗೆ ಬರುವವರಿದ್ದರು. ಗುಣವಾಗಿ ಬರುವುದಲ್ಲ. ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಯಲ್ಲೇ ನೆಮ್ಮದಿಯಿಂದ ಇರಲಿ ಎಂದು ಆಸ್ಪತ್ರೆಯವರು ಕೈಬಿಟ್ಟಿದ್ದರು. ನ್ಯುಮೋನಿಯಾ ಎರಡು ಕಡೆಯ ಶ್ವಾಸಕೋಶವನ್ನೂ ಹಿಡಿದಿತ್ತು. ಸೇರಿಸಿದ ದಿನ ಒಬ್ಬಳು ಎಳೆಯ ಡಾಕ್ಟರು ಮುದುಕಿಯ ಪಾದ ಮುಟ್ಟಿ, ಹೊಟ್ಟೆ ಮುಟ್ಟಿ, "ಇವರನ್ನ ಎಲ್ಲಿ ಮಲಗಿಸ್ತಿದ್ರಿ? ಮೈ ಇಷ್ಟು ತಣ್ಣಗೆ ಉಂಟಲ್ಲ" ಎಂದು ಕೇಳಿದ್ದಳು. ಆಗಸ್ಟಿನ್‌ಗೆ ಅವಮಾನವಾಯಿತು. ಬದಿಯಡ್ಕದಲ್ಲಿ ಟೈಲ್ಸ್ ಅಂಗಡಿ ಇಟ್ಟವನು, ತಾಯಿಯನ್ನು ಚಾವಡಿಯಲ್ಲಿ ಬಿಸಾಡಿದ್ದಾನೆ ಎಂದುಕೊಂಡಳೇ ಈ ಹುಡುಗಿ? "ಎಸಿ ರೂಮಲ್ಲಿ ಡಾಕ್ಟ್ರೇ, ಇಪ್ಪತ್ತಾರರಲ್ಲಿ. ನನ್ನ ಹೆಂಡತಿ ನರ್ಸ್ ಆಗಿದ್ದವಳು. ಅವಳೇ ನೋಡಿಕೊಳ್ಳೋದು." ಡಾಕ್ಟರು ಡೈಸಿಯ ಮುಖ ನೋಡಿದಳು. ಸುಮ್ಮನೆ ನೋಡಿದ್ದಿರಬೇಕು, ಡಾಕ್ಟರಾದವರು ಯಾರ ಮುಖವನ್ನಾದರೂ ನೋಡಲೇಬೇಕಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಡೈಸಿ ಕತ್ತಿನ ಬೆವರು ಒರೆಸಿಕೊಂಡಳು. ಆ ವಾರ್ಡಿನಲ್ಲಿ ಬೆವರುವಷ್ಟು ಸೆಕೆಯೇನೂ ಇರಲಿಲ್ಲ.

ಎಸಿಯವನು ಬಂದಾಗ ಬಿಸಿಲು ಆಗಲೇ ಏರಿತ್ತು. ಪ್ರವೀತ್ ಎಂದು ಹೆಸರು. ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಅದರಲ್ಲಿ ಯಾರಿಗೋ ಬೈಯುತ್ತಲೇ, "ಯಾವ ರೂಮು ಆಂಟಿ?" ಎಂದು ಕೇಳಿದ. ಡೈಸಿ ನೈಟಿಯ ಮೇಲೆ ಟವೆಲು ಹೊದ್ದುಕೊಂಡು ಅವನನ್ನು ಒಳಗೆ ಕರೆದುಕೊಂಡು ಹೋದಳು. ಬೆನ್ನು ಹುಣ್ಣಾಗದಿರಲಿ ಎಂದು ತಂದ ಗಾಳಿಹಾಸಿಗೆಯ ಮೇಲೆ ಅವನು ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲ ಹರವಿದ. ಅಲ್ಲಿ ಬೇಡ ಎನ್ನಲು ಅವಳಿಗೆ ನಾಲಗೆ ಏಳಲಿಲ್ಲ. ಇವನ ಹತ್ತಿರ ಒಳ್ಳೆಯ ಮಾತಿನಲ್ಲೇ ಇರಬೇಕೆಂದು ಯಾಕೋ ಅನಿಸಿತ್ತು. ಮಂಚದ ಎದುರಿನ ಗೋಡೆಯಲ್ಲಿ ಫ್ಲೋರಾಬಾಯಿಯ ಮಾವನ ಕಾಲದ ಆಲ್ತಾರು ಇತ್ತು: ಮರದ ಹಲಗೆ, ಅದರ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಶಿಲುಬೆ, ಕೆಂಪು ಬಲ್ಬು. ಪೈಪು ಹೊರಗೆ ಹೋಗಲು ಆ ಗೋಡೆಯೊಂದೇ ಸರಿಯಾಗುತ್ತಿದ್ದದ್ದು. ಆಲ್ತಾರನ್ನು ಕದಲಿಸುವ ಧೈರ್ಯ ಯಾರಿಗೂ ಬರದೆ ಎಸಿಯನ್ನೇ ಅದರ ಕೆಳಗೆ ಕೂರಿಸಿದ್ದರು. ದೇವರ ಕಾಲಬುಡದಲ್ಲಿ ತಂಪು ಎಂದು ಆಗಸ್ಟಿನ್ ಆವತ್ತು ತಮಾಷೆ ಮಾಡಿದ್ದ.

"ಎಂತ ಕಂಪ್ಲೇಂಟು?"

"ತಂಪು ಹೆಚ್ಚು."

ಪ್ರವೀತ್ ನಕ್ಕ. "ಈ ಮೇ ತಿಂಗಳಲ್ಲಿ ತಂಪು ಕಮ್ಮಿ ಅಂತ ಎಲ್ಲರೂ ಬಾಯಿ ಬಡ್ಕೊಳ್ತಾರೆ. ಹೆಚ್ಚಾಯ್ತು ಅಂತ ಕರೆದದ್ದು ನೀವೇ ಆಂಟಿ, ಪುಣ್ಯವಂತರು."

ಅವನು ಮಂಚದ ಕಬ್ಬಿಣದ ಅಂಚಿಗೆ ಕಾಲಿಟ್ಟು ಹತ್ತಿ ಎಸಿಯ ಮುಚ್ಚಳ ತೆಗೆಯುತ್ತಿರುವಾಗ, ಅವನ ಎಡಗೈ ಆಲ್ತಾರಿನ ಹಲಗೆಯನ್ನು ಆಧಾರಕ್ಕೆ ಹಿಡಿದದ್ದನ್ನು ಡೈಸಿ ನೋಡುತ್ತ ನಿಂತಳು. ಅತ್ತೆಗೂ ಉಳಿದದ್ದು ಎಡಗೈ ಮಾತ್ರ. ಹೋದ ಮಳೆಗಾಲದಲ್ಲಿ ಪಾರ್ಶ್ವವಾಯು ಬಡಿದು ಬಲಭಾಗ ಪೂರ್ತಿ ಬಿದ್ದುಹೋಯಿತು, ಜೊತೆಗೆ ಮಾತೂ ಹೋಯಿತು. ಆಮೇಲೆ ಆ ಎಡಗೈಯೇ ಅವರ ನಾಲಗೆ. ಬಾಯಾರಿದರೆ ಬೆರಳು ತುಟಿಗೆ, ಬಟ್ಟೆ ಒದ್ದೆಯಾದರೆ ಅಂಗೈಯಿಂದ ಹಾಸಿಗೆಗೆ ಒಂದು ಪೆಟ್ಟು. ಸೆಕೆಗಾಲ ಬಂದು, ಎಸಿ ಬಂದು, ಸ್ವಲ್ಪ ದಿನಕ್ಕೆ ಒಂದು ಹೊಸ ಸನ್ನೆ ಶುರುವಾಯಿತು. ಬೆರಳು ನೇರ ಎದುರಿನ ಗೋಡೆಗೆ. ಅದನ್ನು ಮೊದಲು ಅರ್ಥ ಮಾಡಿಕೊಂಡವನು ಆಗಸ್ಟಿನ್. "ಆಲ್ತಾರಿಗೆ ತೋರಿಸ್ತಿದ್ದಾಳೆ ಅಮ್ಮ! ಪ್ರಾರ್ಥನೆ ಬೇಕಂತೆ!" ಎಂದು ಅವನ ಕಣ್ಣು ತುಂಬಿಬಂತು. ಅಲ್ಲಿಂದ ಬೆರಳು ಎದ್ದಾಗಲೆಲ್ಲ ಗಂಡಹೆಂಡತಿ ಇಬ್ಬರೂ ಟೈಲ್ಸಿನ ಮೇಲೆ ಮೊಣಕಾಲೂರುವುದು, ಜಪಮಾಲೆ ಹಿಡಿದು ತೇರ್ಸು ಹೇಳುವುದು, ಕೊನೆಗೆ ಇಗರ್ಜಿಯಿಂದ ತಂದ ತೀರ್ಥದ ಬಾಟಲಿಯಿಂದ ಅಂಗೈಗೆ ಸುರಿದುಕೊಂಡು ಆಲ್ತಾರಿಗೂ ಅತ್ತೆಗೂ ಚಿಮುಕಿಸುವುದು. ಮುದುಕಿ ಮುಖ ಆಚೆ ತಿರುಗಿಸಿ ಅಳುತ್ತಿದ್ದರು. ನೋಡಲು ಬಂದ ವಿಗಾರರು, ಇಗರ್ಜಿಯ ದೊಡ್ಡ ಪಾದ್ರಿ, ಇಂಥ ಭಕ್ತಿ ಈ ಕಾಲದಲ್ಲಿ ಎಲ್ಲಿದೆ ಎಂದು ಹೊಗಳಿ, ಇನ್ನೊಂದು ದೊಡ್ಡ ಬಾಟಲಿ ತೀರ್ಥ ಕಳಿಸಿಕೊಟ್ಟರು. ಮಾತು ಬರುತ್ತಿದ್ದ ಕಾಲದಲ್ಲಿ ಫ್ಲೋರಾಬಾಯಿ ತೇರ್ಸನ್ನು ರೈಲು ಹಿಡಿಯುವವರ ಹಾಗೆ ಮುಗಿಸಿ, ಒಲೆಯ ಮೇಲಿನ ಬಂಗುಡೆಯ ಕಡೆ ಓಡುತ್ತಿದ್ದ ಹೆಂಗಸು ಎನ್ನುವುದು ಮಗನಿಗೆ ಮರೆತೇಹೋಗಿತ್ತು. ಸೊಸೆಗೆ ಮರೆತಿರಲಿಲ್ಲ.

ಪ್ರವೀತ್ ಮೊದಲು ವೋಲ್ಟೇಜಿನ ಮೇಲೆ ತಪ್ಪು ಹೊರಿಸಿದ, ಈ ಊರಿನ ಕರೆಂಟಿಗೆ ಎಂತ ಬಾಳಿಕೆ ಬರ್ತದೆ ಹೇಳಿ ಎಂದ. ಆಮೇಲೆ ರಿಮೋಟಿನ ಸೆಲ್ ಬದಲಿಸಿ ನೋಡಿದ. ಮೂವತ್ತಕ್ಕೆ ಏರಿಸಿ, ಈಗ ಹೊರಗಿನ ಯಂತ್ರ ನಿಲ್ಲಬೇಕು ಆಂಟಿ ಎಂದು ಕಿಟಕಿಯಲ್ಲಿ ಕಿವಿಕೊಟ್ಟ. ಅದು ನಿಲ್ಲಲಿಲ್ಲ. ಗುರ್ ಎಂದು ತನ್ನ ಪಾಡಿಗೆ ತಾನು ಹೊಡೆದುಕೊಳ್ಳುತ್ತಲೇ ಇತ್ತು. ಬೋರ್ಡು ಹೋಗಿದೆ, ಬಿಚ್ಚಿ ಅಂಗಡಿಗೆ ಕೊಂಡುಹೋಗಬೇಕು ಎಂದು ಅರ್ಧ ಬಿಚ್ಚಿದವನು, ಯಾರಿಗೋ ಫೋನ್ ಮಾಡಿ ಬೈಸಿಕೊಂಡು ಮತ್ತೆ ಕೂರಿಸಿದ. ಡೈಸಿಗೆ ಅವನ ಈ ತಡಕಾಟ ಹಿತವಾಗುತ್ತಿತ್ತು. ಇವನಿಗೆ ಗೊತ್ತಾಗದೆ ಹೋದರೆ ಒಳ್ಳೆಯದು. ಗೊತ್ತಿಲ್ಲದವರು ಇನ್ನೂ ಒಬ್ಬರು ಈ ಮನೆಯಲ್ಲಿ ಇದ್ದಂತಾಯಿತು. ಆಮೇಲೆ ಅವನು ಮತ್ತೆ ಚಾಲೂ ಮಾಡಿ, ಇಪ್ಪತ್ತಾರಕ್ಕೆ ಇಳಿಸಿ, ಚೀಲದಿಂದ ಉದ್ದ ತಂತಿಯ ಒಂದು ಥರ್ಮಾಮೀಟರ್ ತೆಗೆದು ದಿಂಬಿನ ಮೇಲೆ, ಅತ್ತೆಯ ತಲೆ ಇರುತ್ತಿದ್ದ ತಗ್ಗಿನಲ್ಲಿ ಇಟ್ಟ. "ಅಬ್ಬ, ಹದಿನೇಳು! ಯಂತ್ರ ಇಪ್ಪತ್ತಾರು ಅಂತ ತೋರಿಸ್ತಾ ಉಂಟು. ನಿಮಗೆ ಚಳಿ ಆಗೋದಿಲ್ವಾ ಆಂಟಿ? ನನಗೆ ರೋಮ ಎದ್ದಿತು ನೋಡಿ" ಎಂದು ತೋಳು ತೋರಿಸಿದ. ಡೈಸಿ ತನ್ನ ತೋಳು ನೋಡಿಕೊಂಡಳು. ನುಣ್ಣಗಿತ್ತು. ಅವಳು ಅದನ್ನು ಟವೆಲಿನೊಳಗೆ ಎಳೆದುಕೊಂಡು, ಆಗ್ತದಪ್ಪ, ಆಗದೆ ಎಂತ ಎಂದಳು.

ಆಗುತ್ತಿರಲಿಲ್ಲ. ಮುಟ್ಟು ನಿಲ್ಲುತ್ತ ಬಂದ ಮೇಲೆ ಅವಳ ಮೈಯೊಳಗೆ ಯಾರೋ ಒಲೆ ಹೂಡಿ ಕೂತಿದ್ದರು. ಹೊತ್ತು ಗೊತ್ತಿಲ್ಲದೆ ಎದೆಯ ನಡುವಿನಿಂದ ಒಂದು ಬಿಸಿ ಎದ್ದು ಕತ್ತಿಗೆ, ಕಿವಿಗೆ, ತಲೆಯ ಬುಡಕ್ಕೆ ಹತ್ತಿ, ಬಟ್ಟೆಯನ್ನೆಲ್ಲ ಕಿತ್ತೆಸೆದು ಬಾವಿಗೆ ಹಾರಬೇಕು ಅನಿಸುವಂತಾಗುತ್ತಿತ್ತು. ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದು ತಲೆ ಒಳಗಿಟ್ಟು ನಿಂತಿರುವಾಗ ಒಮ್ಮೆ ಅತ್ತೆ ಹಿಂದಿನಿಂದ ಬಂದು, ಬಾಗಿಲು ಹಾಕು, ಮೀನು ಹಾಳಾಗ್ತದೆ ಎಂದಿದ್ದರು. ಅದಕ್ಕೂ ಮುಂಚೆ ಒಂದು ಎಸಿ ಹಾಕಿಸುವ ಎಂದು ಅವಳು ಊಟದ ಹೊತ್ತಿನಲ್ಲಿ ಬಾಯಿಬಿಟ್ಟು ಕೇಳಿದ್ದಳು. ಮಗ ಉತ್ತರ ಹೇಳುವ ಮೊದಲೇ ತಾಯಿ, "ನಮ್ಮ ಕಾಲದಲ್ಲಿ ಸೆಕೆ ಇರಲಿಲ್ವಾ? ನಾವೆಂತ ಸತ್ತೆವಾ?" ಎಂದು ಹೇಳಿ, ಡೈಸಿ ಬಡಿಸಿದ ಸಾರಿಗೆ ತಂಬಿಗೆಯಿಂದ ನೀರು ಹೊಯ್ದುಕೊಂಡರು. ಅದು ಅವರ ದಿನದ ಕ್ರಮ. ಖಾರ ಎನ್ನುತ್ತಿರಲಿಲ್ಲ, ಉಪ್ಪು ಎನ್ನುತ್ತಿರಲಿಲ್ಲ, ಸುಮ್ಮನೆ ನೀರು ಹೊಯ್ಯುತ್ತಿದ್ದರು, ಮಗ ನೋಡುವ ಹಾಗೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಮಾಡಿದವರು ಸೊಸೆಯ ಕಾಲ ಬಂದಾಗ ಅವಳಿಗೆ ಏನೇನೆಲ್ಲ ಅನಿಸುತ್ತದೆ ಎಂದು ಹೇಳದೆ ಬಿಟ್ಟಿದ್ದಾರೆ. ಅತ್ತೆ ಬಿದ್ದರು. ಸೆಕೆಗಾಲ ಬಂದಾಗ, ಬೆನ್ನಿಗೆ ಗಾಳಿ ತಾಗಬೇಕು, ಕೋಣೆ ತಂಪಿರಲಿ ಎಂದು ಡಾಕ್ಟರು ಹೇಳಿದ್ದೇ ತಡ, ಆಗಸ್ಟಿನ್ ಎಸಿ ತಂದ. ನೋಡಿಕೊಳ್ಳಲಿಕ್ಕೆ ಹತ್ತಿರ ಜನ ಬೇಕಲ್ಲ, ಡೈಸಿ ಆಸ್ಪತ್ರೆಯ ಕೆಲಸ ಬಿಟ್ಟು ಆ ಕೋಣೆಯ ನೆಲದಲ್ಲಿ ಚಾಪೆ ಹಾಸಿದಳು. ಮೊದಲ ರಾತ್ರಿ ಆ ತಂಪು ಕುತ್ತಿಗೆಯ ಹಿಂಭಾಗಕ್ಕೆ ಬಂದು ಕೂತಾಗ ಅವಳಿಗೆ ಅಳು ಬಂದಿತ್ತು. ತನ್ನನ್ನು ಯಾರೋ ಇಷ್ಟು ವರ್ಷದ ಮೇಲೆ ಪ್ರೀತಿಯಿಂದ ಮುಟ್ಟಿದ ಹಾಗಾಗಿತ್ತು.

"ಸಿಕ್ಕಿತು ಕಳ್ಳ!" ಎಂದು ಪ್ರವೀತ್ ಮೇಲಿನಿಂದ ಕೂಗಿದ. ಸಣ್ಣ ವಯರಿನ ತುದಿಯಲ್ಲಿ ಉದ್ದಿನ ಕಾಳಿನಷ್ಟು ಒಂದು ಕಪ್ಪು ಮಣಿ ಅವನ ಬೆರಳ ನಡುವೆ ನೇತಾಡುತ್ತಿತ್ತು. "ಇದೇ ಸೆನ್ಸರ್. ಕೋಣೆ ಎಷ್ಟು ಬಿಸಿ ಉಂಟು ಅಂತ ಯಂತ್ರಕ್ಕೆ ಹೇಳೋದು ಇದು. ಬೋರ್ಡಿಗೆ ಕಣ್ಣಿಲ್ಲ, ಇದು ಹೇಳಿದ್ದೇ ಅದಕ್ಕೆ ವೇದವಾಕ್ಯ. ಒಂದು ಗ್ಲಾಸಿನಲ್ಲಿ ಐಸ್ ನೀರು ಕೊಡ್ತೀರಾ?" ಡೈಸಿ ತಂದುಕೊಟ್ಟಳು. ಅವನು ವಯರಿನ ಇನ್ನೊಂದು ತುದಿಗೆ ಮೀಟರಿನ ಕಡ್ಡಿಗಳನ್ನು ಹಿಡಿದು, ಮಣಿಯನ್ನು ಐಸ್ ನೀರಿನೊಳಗೆ ಇಳಿಬಿಟ್ಟು, ಮಂಚದ ಮೇಲೆ ಕೂತ. ತಂಪಾದಷ್ಟೂ ಮೀಟರಿನ ಅಂಕಿ ಏರಬೇಕಂತೆ. ಇಬ್ಬರೂ ಕಾದರು. ಗ್ಲಾಸಿನ ಹೊರಮೈಯಲ್ಲಿ ಹನಿ ಕಟ್ಟಿ, ಇಳಿದು, ಗಾಳಿಹಾಸಿಗೆಯ ಮೇಲೆ ಒದ್ದೆಯ ಒಂದು ಚಂದ್ರ ಮೂಡಿತು. ಅಂಕಿ ಅಲುಗಿದ ಹಾಗೆ ಮಾಡಿ ಅಲ್ಲೇ ನಿಂತಿತು. "ನೋಡಿ ಆಂಟಿ, ಐಸಲ್ಲಿ ಮುಳುಗಿಸಿದ್ರೂ ಇದಕ್ಕೆ ಸೆಕೆಯೇ! ಇದರ ಮಾತು ಕೇಳಿ ಆ ಮಿಷನ್ ಪಾಪ, ಬಿಸಿ ಉಂಟು ಬಿಸಿ ಉಂಟು ಅಂತ ತಂಪು ಮಾಡ್ತಾನೇ ಇತ್ತು" ಎಂದು ಪ್ರವೀತ್ ನಗಲಾರಂಭಿಸಿದ. ಡೈಸಿಗೆ ಎದೆಯ ನಡುವಿನಿಂದ ಬಿಸಿ ಎದ್ದಿತು. ಚಾ ಮಾಡುತ್ತೇನೆ ಎಂದು ಹೇಳಿ ಅವಳು ಅಡುಗೆಮನೆಗೆ ಹೋದಳು.

ಚಾದ ನೀರು ಕುದಿಯುವಾಗ, ಅತ್ತೆಯನ್ನು ಆಸ್ಪತ್ರೆಗೆ ಸೇರಿಸುವ ಮೊದಲಿನ ಒಂದು ಮಧ್ಯಾಹ್ನ ಬಂದು ಒಲೆಯ ಪಕ್ಕದಲ್ಲೇ ನಿಂತಿತು. ಆಗಸ್ಟಿನ್ ಅಂಗಡಿಯಲ್ಲಿದ್ದ. ಅತ್ತೆಗೆ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ ಬೆರಳು ಗೋಡೆಯ ಕಡೆಗೆ ಎದ್ದಿತು. ತೇರ್ಸು ಸಂಜೆ ಹೇಳುವ ಮಾಂಯ್, ನಿಮ್ಮ ಮಗ ಬರಲಿ ಎಂದು ಅವಳು ಹೇಳಿದಳು. ಬೆರಳು ಇಳಿಯಲಿಲ್ಲ. ಆಮೇಲೆ ಆ ಕೈ ಸರಕ್ಕನೆ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಅಷ್ಟು ಬಲ ಅದರಲ್ಲಿ ಉಳಿದಿದೆಯೆಂದು ಯಾರಿಗೆ ಗೊತ್ತಿತ್ತು? ಹೊದಿಕೆಯೊಳಗೆ ಎಳೆದುಕೊಂಡು ಹೋಗಿ ತನ್ನ ತೊಡೆಗೆ, ಅಲ್ಲಿಂದ ಮಡಚಿದ ಕಾಲಿನ ಪಾದಕ್ಕೆ ಅವಳ ಅಂಗೈಯನ್ನು ಒತ್ತಿತು. ಪಾದ ಬಟ್ಟೆ ಒಗೆಯುವ ಕಲ್ಲಿನಷ್ಟು ತಣ್ಣಗಿತ್ತು. ಫ್ಲೋರಾಬಾಯಿಯ ಕಣ್ಣು ಅವಳ ಕಣ್ಣಲ್ಲೇ ನೆಟ್ಟಿತ್ತು. ಡೈಸಿ ರಿಮೋಟು ಎತ್ತಿಕೊಂಡು ಅದರ ಅಂಕಿಯನ್ನು ಮುದುಕಿಯ ಮುಖಕ್ಕೆ ಹಿಡಿದು, "ನೋಡಿ ಮಾಂಯ್, ಇಪ್ಪತ್ತಾರು. ಚಳಿ ಎಲ್ಲಿ ಉಂಟು?" ಎಂದಳು. ಚಳಿ. ಆ ಶಬ್ದವನ್ನು ಅವಳ ಬಾಯೇ ಹೇಳಿತ್ತು, ಬೇರೆ ಯಾರೂ ಹೇಳಿದ್ದಲ್ಲ. ಆಮೇಲೆ ನರ್ಸಿನ ಕೈ ತನ್ನಷ್ಟಕ್ಕೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಿತು. ಪಾದರಸ ಏರಲಿಲ್ಲ. ಎಲುಬಿನ ಕಂಕುಳು, ಸರಿಯಾಗಿ ಕೂತಿಲ್ಲ ಎಂದು ಅವಳು ಅದನ್ನು ಝಾಡಿಸಿ ಗೂಡಿನೊಳಗೆ ಇಟ್ಟಳು. ಅತ್ತೆಗೆ ಕಾಲುಚೀಲ ಹಾಕಿದಳು, ಇನ್ನೊಂದು ಹೊದಿಕೆ ಹೊದೆಸಿದಳು. ಎಸಿ ನಿಲ್ಲಿಸುವ ಗುಂಡಿ ಅವಳ ಹೆಬ್ಬೆರಳಿನ ಕೆಳಗೇ ಇತ್ತು. ಆಗ ಬಂದಿತ್ತು ಆ ಬಿಸಿ, ಅದೂ ಎಂಥ ಬಿಸಿ! ಇದೊಂದು ಇಳಿಯಲಿ, ಆಮೇಲೆ ಆಫ್ ಮಾಡುವ ಎಂದು ಅವಳು ಚಾಪೆಗೆ ಒರಗಿದಳು. ಕಣ್ಣು ಬಿಟ್ಟಾಗ ಆಗಸ್ಟಿನ್ ಬಾಗಿಲಲ್ಲಿ ನಿಂತಿದ್ದ, ಬೆರಳು ಗೋಡೆಯ ಕಡೆಗೇ ಇತ್ತು. "ಅಮ್ಮ ಕರೀತಿದ್ದಾಳೆ, ನೀನು ನಿದ್ದೆ ಹೊಡೀತಿ" ಎಂದು ಅವನು ಮೊಣಕಾಲೂರಿದ. ಆವತ್ತು ತೀರ್ಥವನ್ನು ಸ್ವಲ್ಪ ಹೆಚ್ಚೇ ಚಿಮುಕಿಸಿದವಳು ಅವಳು.

ಗೊತ್ತಿತ್ತಾ ನಿನಗೆ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನಬಹುದು. ಒಂದು ಸಲ ಮಾತ್ರ ಅಲ್ಲವೇ, ಆಮೇಲೆ ಮರೆತುಹೋಯಿತು ಎನ್ನಬಹುದು. ಹದಿನೇಳು ಎಂದು ತಾನು ಕನಸಿನಲ್ಲಿಯೂ ಎಣಿಸಿರಲಿಲ್ಲ ಎನ್ನುವುದಂತೂ ಸತ್ಯವೇ. ಆದರೆ ಕಿಟಕಿಯ ಗಾಜಿನ ಹೊರಗೆ ಬೆಳಗ್ಗೆ ಬೆಳಗ್ಗೆ ನೀರಿಳಿಯುತ್ತಿದ್ದದ್ದನ್ನು, ತೇರ್ಸಿನ ಹೊತ್ತಿಗೆ ಆಗಸ್ಟಿನ್ ಟೈಲ್ಸಿನಿಂದ ಮೊಣಕಾಲನ್ನು ಒಂದೊಂದಾಗಿ ಎತ್ತಿ ಇಡುತ್ತಿದ್ದದ್ದನ್ನು ಅವಳು ನೋಡಿದ್ದಳು. ನೋಡಿ ಖುಷಿಪಟ್ಟಿದ್ದಳು. ಎಸಿ ಚೆನ್ನಾಗಿದೆ ಎಂದುಕೊಂಡಿದ್ದಳು. ಚಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ಅವಳು ಚಾ ತಂದಾಗ ಪ್ರವೀತ್ ಹಳೆಯ ಮಣಿಯನ್ನು ಉಗುರಿನಿಂದ ಕೆರೆಯುತ್ತಿದ್ದ. "ಒಳಗೆ ನೀರು ಹೋಗಿ ಹಾಳಾದದ್ದು ಇದು. ಬಿಳಿ ಬಿಳಿ ಪುಡಿ ಉಂಟು ನೋಡಿ, ಉಪ್ಪು. ಉಳ್ಳಾಲ, ಕುಂಬಳೆ ಕಡೆ ಕಡಲ ಬದಿಯ ಮನೆಗಳಲ್ಲಿ ಹೀಗಾಗ್ತದೆ. ನೆಕ್ರಾಜೆಗೆ ಎಲ್ಲಿಂದ ಬಂತು ಉಪ್ಪುನೀರು?" ಅವನು ತಲೆಯೆತ್ತಿ ಎಸಿಯ ಮೇಲ್ಭಾಗದ ಜಾಲರಿ ನೋಡಿದ, ಮಾಡಿನಲ್ಲಿ ಸೋರಿದ ಗುರುತು ಇದೆಯೇ ಎಂದು ಹುಡುಕಿದ. ಅವನ ಕಣ್ಣು ಆಲ್ತಾರನ್ನು ದಾಟಿಕೊಂಡೇ ಹೋಯಿತು. ತೀರ್ಥ ಮಂತ್ರಿಸುವಾಗ ವಿಗಾರರು ನೀರಿಗೆ ಒಂದು ಚಿಟಿಕೆ ಉಪ್ಪು ಬೆರೆಸುತ್ತಾರೆ ಎಂದು ಅವನಿಗೆ ಹೇಗೆ ಗೊತ್ತಿರಬೇಕು? ಡೈಸಿಗೆ ಗೊತ್ತಿತ್ತು. ಅವಳು ಲೋಟವನ್ನು ಕಿಟಕಿಯ ದಂಡೆಯಲ್ಲಿಟ್ಟು ಅಲ್ಲೇ ನಿಂತಳು. ಮುದುಕಿ ಚಳಿ ಎಂದು ಬೆರಳೆತ್ತಿದ ಹಾಗೆಲ್ಲ ಇವರು ಉಪ್ಪುನೀರು ಚಿಮುಕಿಸಿದರು. ಚಿಮುಕಿಸಿದ ಹಾಗೆಲ್ಲ ಚಳಿ ಹೆಚ್ಚಿತು. ಹೆಚ್ಚಿದ ಹಾಗೆಲ್ಲ ಬೆರಳು ಎದ್ದಿತು. ನಗು ಬಂದಂತಾಗಿ ಅವಳು ಟವೆಲನ್ನು ಬಾಯಿಗೆ ಒತ್ತಿಕೊಂಡಳು. ಬಂದದ್ದು ನಗುವಲ್ಲ.

"ಇದು ಯಾವಾಗ ಹಾಳಾದದ್ದಿರಬಹುದು?" ಎಂದು ಕೇಳಿದಳು. "ನಿನ್ನೆಮೊನ್ನೆಯಾ?"

"ಛೆ, ಒಂದೆರಡು ದಿನದಲ್ಲಿ ಆಗುವಂಥದ್ದಲ್ಲ ಇದು. ಸ್ವಲ್ಪ ಸ್ವಲ್ಪವೇ ತಪ್ಪು ಹೇಳ್ತಾ ಹೇಳ್ತಾ ಇಲ್ಲಿಗೆ ಬಂದದ್ದು. ತಿಂಗಳ ಮೇಲಾಗಿರಬೇಕು."

ಪ್ರವೀತ್ ಚೀಲದಿಂದ ಹೊಸ ಮಣಿ ತೆಗೆದು ಐಸಲ್ಲೂ ಮುಷ್ಟಿಯಲ್ಲೂ ಇಟ್ಟು ಪರೀಕ್ಷಿಸಿ, ಹಳೆಯದರ ಜಾಗದಲ್ಲಿ ಸಿಕ್ಕಿಸಿ, ಮುಚ್ಚಳ ಹಾಕಿದ. ಅವನು ಸ್ಪ್ಯಾನರುಗಳನ್ನು ಎತ್ತಿಡುವಾಗ ಡೈಸಿ ಹತ್ತಿರ ಬಂದು, "ನಮ್ಮ ಅವರು ಫೋನ್ ಮಾಡಿ ಕೇಳಿಯಾರು. ಕೇಳಿದ್ರೆ ವೋಲ್ಟೇಜ್ ಹೆಚ್ಚುಕಮ್ಮಿ ಆಗಿ ಈಗ ಹೋದದ್ದು ಅಂತ ಹೇಳು ಮಗಾ" ಎಂದಳು. ಮಗಾ ಎಂದು ಅವಳು ಯಾರನ್ನೂ ಕರೆಯುವುದಿಲ್ಲ. ಪ್ರವೀತ್ ಅವಳ ಮುಖವನ್ನು ಪೂರ್ತಿಯಾಗಿ ನೋಡಲೂ ಇಲ್ಲ. "ಹೇಳುವ ಆಂಟಿ, ಅದಕ್ಕೆಂತ. ನಾವು ಎಲ್ಲರಿಗೂ ಅದನ್ನೇ ಹೇಳೋದಲ್ವಾ?" ಎಂದು ಫೋನನ್ನು ಮತ್ತೆ ಹೆಗಲಿಗೆ ಸಿಕ್ಕಿಸಿಕೊಂಡ. ಅವನು ಏನಾದರೂ ಕೇಳಿದ್ದರೆ, ಯಾಕೆ ಎಂದು ಒಂದು ಮಾತು ಕೇಳಿದ್ದರೆ, ಅವಳು ಹೇಳಿಬಿಡುತ್ತಿದ್ದಳೋ ಏನೋ. ಅವನ ಬೈಕು ಇಳಿಜಾರಿನಲ್ಲಿ ಸದ್ದು ಮಾಡುತ್ತ ಇಳಿದುಹೋಯಿತು.

ಅವಳು ಕೋಣೆಯ ಬಾಗಿಲು ಹಾಕಿಕೊಂಡು, ಎಸಿಯನ್ನು ಇಪ್ಪತ್ತಾರಕ್ಕೆ ಇಟ್ಟು, ಚಾಪೆಯ ಮೇಲೆ ಕೂತಳು. ಸ್ವಲ್ಪ ಹೊತ್ತು ಓಡಿ ಹೊರಗಿನ ಯಂತ್ರ ನಿಂತಿತು. ಎಷ್ಟು ಕಾಲದ ಮೇಲೆ ಆ ಸದ್ದು ತಾನಾಗಿ ನಿಂತದ್ದೆಂದರೆ, ದೂರದ ತೋಟದ ಪಂಪು, ಯಾರದೋ ಕೋಳಿ, ಎಲ್ಲ ಒಮ್ಮೆಲೇ ಒಳಗೆ ಬಂದವು. ಹಾಗಾದರೆ ನಿಜವಾದ ಇಪ್ಪತ್ತಾರು ಇದು. ಅವಳ ಮೈಯಲ್ಲಿ ಬೆವರು ಹುಟ್ಟಿತು, ಕಂಕುಳಲ್ಲಿ, ಮೊಲೆಯ ಅಡಿಯಲ್ಲಿ, ಮಂಡಿಯ ಹಿಂದೆ. ಇದು ತಂಪೇ ಅಲ್ಲ. ಇಷ್ಟೇ ಇದ್ದಿದ್ದರೆ ಅವಳಿಗೆ ಈ ಕೋಣೆಯಲ್ಲಿ ಒಂದು ದಿನವೂ ನಿದ್ದೆ ಬರುತ್ತಿರಲಿಲ್ಲ. ಅವಳು ಉಂಡ ಸುಖವೆಲ್ಲ ಹದಿನೇಳರದ್ದು. ಅದನ್ನು ಅವಳು ಅತ್ತೆಯ ಮೈಯಿಂದ ತೆಗೆದುಕೊಂಡು ಉಂಡಿದ್ದಳು. ಅಂಥದ್ದನ್ನು ಯಾವ ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಮೊಣಕಾಲೂರಿ ಏನೆಂದು ಹೇಳುವುದು? ಫಾದರ್, ನನಗೆ ಸೆಕೆಯಾಗುತ್ತಿತ್ತು ಎಂದೇ? ಆಗಸ್ಟಿನ್‌ಗೆ ಹೇಳಬೇಕು, ಇವತ್ತೇ ಹೇಳಬೇಕು, ಮುದುಕಿಯ ಉಸಿರು ಇರುವಾಗಲೇ, ಅವರಿಗೆ ಕೇಳುವ ಹಾಗೆ, ನೀವು ತೋರಿಸಿದ್ದು ನನಗೆ ಗೊತ್ತಾಗಿತ್ತು ಎಂದು ಹೇಳಬೇಕು. ಅಷ್ಟು ಹೇಳಿಬಿಟ್ಟರೆ ಅವರ ಬೆರಳಿಗೆ ನೆಮ್ಮದಿಯಾಗಬಹುದು. ಮಾತನ್ನು ಜೋಡಿಸಿ ಗೋಡೆಯ ಎದುರು ಒಂದು ಸಲ ಹೇಳಿಯೂ ನೋಡಿದಳು. ದನಿ ಬೇರೆ ಯಾರದ್ದೋ ಎಂಬಂತೆ ಕೇಳಿಸಿತು. ಹೊಸ ಬೆಡ್‌ಶೀಟು ಹಾಸಲು ಎದ್ದಳು.

ಸಂಜೆ ಆಂಬುಲೆನ್ಸು ಅಂಗಳದವರೆಗೂ ಬಂತು. ಸ್ಟ್ರೆಚರಿನಿಂದ ಮಂಚಕ್ಕೆ ಎತ್ತಿ ಹಾಕುವಾಗ ಫ್ಲೋರಾಬಾಯಿ ಒಂದು ಹಿಡಿ ಒಣಸೌದೆಯಷ್ಟೂ ಭಾರವಿರಲಿಲ್ಲ. ಮೂಗಿಗೆ ಆಕ್ಸಿಜನ್ ನಳಿಗೆ, ಎದೆಯೊಳಗೆ ಗೊರಗೊರ. ಕಣ್ಣು ಅರ್ಧ ಮುಚ್ಚಿತ್ತು. ಆಂಬುಲೆನ್ಸಿನವರು ಹೋದ ಮೇಲೆ ಆಗಸ್ಟಿನ್ ಎಸಿಯ ಕೆಳಗೆ ಅಂಗೈ ಹಿಡಿದು ನೋಡಿ ತಲೆಯಾಡಿಸಿದ. "ಈಗ ಸರಿ ಉಂಟು. ಆ ಹುಡುಗ ಹೇಳಿದ, ವೋಲ್ಟೇಜಂತೆ. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ನೋಡು ಡೈಸಿ, ಅಮ್ಮ ಆಸ್ಪತ್ರೆಯಲ್ಲಿರುವಾಗಲೇ ಹಾಳಾಯ್ತು. ಇವಳು ಇಲ್ಲಿ ಮಲಗಿರುವಾಗ ಆಗಿದ್ರೆ ಎಂತ ಗತಿ?" ಅವನು ಅಳುತ್ತಿದ್ದ. ಮೂರ್ಖ, ಒಳ್ಳೆಯ ಮನುಷ್ಯ. ಡೈಸಿ ಬಾಯಿ ತೆರೆದಳು.

"ಕೇಳಿ, ಅದು..."

"ಶ್! ನೋಡು."

ಹೊದಿಕೆಯ ಅಡಿಯಿಂದ ಎಡಗೈ ಹೊರಗೆ ಬಂದಿತ್ತು. ಸೂಜಿ ಚುಚ್ಚಿ ಚುಚ್ಚಿ ಹಿಂಗೈಯೆಲ್ಲ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆರಳು ನಡುಗುತ್ತ ನಡುಗುತ್ತ ಎದುರಿನ ಗೋಡೆಯ ಕಡೆಗೆ ಎದ್ದಿತು. ಆಗಸ್ಟಿನ್ ತಾಯಿಯ ಹಣೆ ಸವರಿ, "ಬಂದ ಕೂಡಲೇ ಆಲ್ತಾರೇ ಬೇಕು ಇವಳಿಗೆ! ಹೇಳುವ ಅಮ್ಮ, ಹೇಳುವ. ಡೈಸಿ, ಜಪಮಾಲೆ ತಾ" ಎಂದ. ಅದು ಆಲ್ತಾರಲ್ಲ, ಎಸಿ, ಅಷ್ಟು ಹೇಳಿದರೆ ಸಾಕಿತ್ತು, ಉಳಿದದ್ದು ಅದರ ಹಿಂದೆಯೇ ಬರುತ್ತಿತ್ತು. ಮಧ್ಯಾಹ್ನ ಜೋಡಿಸಿಟ್ಟ ಮಾತು ಇನ್ನೂ ಬಾಯಲ್ಲೇ ಇತ್ತು. "ಎಂತ, ಏನೋ ಹೇಳ್ಲಿಕ್ಕಿತ್ತಾ ನಿನಗೆ?" ಎಂದು ಗಂಡ ಕೇಳಿದ. ಎಂತ ಇಲ್ಲ ಎಂದಳು. ರಿಮೋಟು ತೆಗೆದು ಎಸಿ ನಿಲ್ಲಿಸಹೋದರೆ, ಇರಲಿ ಮಾರಾಯ್ತಿ, ಇಷ್ಟು ಸೆಕೆಗೆ ಅದೊಂದಾದರೂ ಇರಲಿ ಎಂದು ಅವನೇ ಅವಳ ಕೈಯಿಂದ ತೆಗೆದು ಪಕ್ಕಕ್ಕಿಟ್ಟ. ಅವಳು ಜಪಮಾಲೆ ತಂದಳು. ಅವನ ಪಕ್ಕದಲ್ಲಿ, ಟೈಲ್ಸಿನ ಮೇಲೆ ಮೊಣಕಾಲೂರಿದಳು.

ಆಗ ಬೆರಳು ಗೋಡೆಯನ್ನು ಬಿಟ್ಟಿತು. ಮೆಲ್ಲಗೆ ಕೆಳಗಿಳಿಯಿತು, ಮಗನ ತಲೆಯ ಮೇಲಿಂದ ಹಾದು ಬಂದು, ಡೈಸಿಯ ಎದುರು ನಿಂತಿತು. ನಡುಕವೂ ನಿಂತಿತು. ಫ್ಲೋರಾಬಾಯಿಯ ಕಣ್ಣು ಪೂರ್ತಿ ತೆರೆದಿತ್ತು. ಆಗಸ್ಟಿನ್ ತಾಯಿಯನ್ನೂ ಹೆಂಡತಿಯನ್ನೂ ನೋಡಿದ, ಅವನ ಮುಖವೆಲ್ಲ ಒದ್ದೆಯಾಯಿತು.

"ನೀನೇ ಶುರು ಮಾಡ್ಬೇಕಂತೆ ಡೈಸಿ. ನೋಡು, ಕಡೇ ಗಳಿಗೆಯಲ್ಲೂ ಅವಳಿಗೆ ನೀನೇ ಬೇಕು."

ಅವನು ಎದ್ದು ಹಲಗೆಯ ಮೇಲಿದ್ದ ತೀರ್ಥದ ಬಾಟಲಿ ತೆಗೆದು, ಅಂಗೈ ತುಂಬ ಸುರಿದುಕೊಂಡು, ಆಲ್ತಾರಿಗೆ ಚಿಮುಕಿಸಿದ. ಹನಿಗಳು ಪಟದ ಗಾಜಿನಿಂದ ಜಾರಿ ಎಸಿಯ ಜಾಲರಿಯ ಮೇಲೆ ಬಿದ್ದವು. ಡೈಸಿ ಅವನನ್ನು ತಡೆಯಲಿಲ್ಲ. ಬೆರಳು ಅವಳ ಕಡೆಗೇ ಇತ್ತು. ಅವಳು ತಲೆ ತಗ್ಗಿಸಿ, ಹಣೆಗೆ ಕೈ ಮುಟ್ಟಿಸಿ, ಪ್ರಾರ್ಥನೆ ಶುರು ಮಾಡಿದಳು.